ಶಿಫ್ಟಿನೊಳಗೇ ಪಾಠ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಬಾರಿ ಬಂದ ಪತ್ರಗಳೆಲ್ಲ ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತವೆ: ಕೆಲಸ ಬಿಡುವಂತಿಲ್ಲ, ಕಲಿಯದೆ ಇರುವಂತೆಯೂ ಇಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಓದಿ ಎಂಬ ಉಪದೇಶವನ್ನು ಇಲ್ಲಿ ಯಾರಿಗೂ ಕೊಟ್ಟಿಲ್ಲ. ದಿನವಿಡೀ ನಿಂತು ದುಡಿದವರಿಗೆ ಅದು ಒಂದು ವಾರ ನಡೆಯುತ್ತದೆ, ಆಮೇಲೆ ನಿದ್ದೆಯೇ ಗೆಲ್ಲುತ್ತದೆ. ಕೆಲಸದ ಜಾಗದಲ್ಲೇ ಇರುವ ಸಾಮಗ್ರಿಯಿಂದ, ಕೆಲಸದ ಗತಿಗೆ ಹೊಂದಿಕೊಂಡು ಹೇಗೆ ಕಲಿಯಬಹುದು ಎಂಬುದಕ್ಕಷ್ಟೇ ಉತ್ತರ.

ಪೀಣ್ಯದಲ್ಲಿ ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಂನಿಂದ ನಡೆಯುವ) ಲೇತ್ ಆಪರೇಟರ್. ಜಾಬ್ ಹಾಕುವುದು, ತೆಗೆಯುವುದು, ಆಫ್‌ಸೆಟ್ ತಿದ್ದುವುದು ಬರುತ್ತದೆ. ಪ್ರೋಗ್ರಾಂ ಬರೆಯಲು ಬರುವುದಿಲ್ಲ. ಶಿಫ್ಟ್ ಬದಲಾಗುತ್ತಲೇ ಇರುವುದರಿಂದ ಸಂಜೆ ಕ್ಲಾಸ್ ಆಗುವುದಿಲ್ಲ. ಮಷೀನ್ ಹತ್ತಿರ ಫೋನ್ ತರುವಂತಿಲ್ಲ. ಹೇಗೆ ಕಲಿಯಲಿ?

ನಿಮ್ಮ ಪಠ್ಯ ನಿಮ್ಮ ಕಣ್ಣೆದುರೇ ದಿನವಿಡೀ ಓಡುತ್ತಿದೆ. ಸೈಕಲ್ ಸ್ಟಾರ್ಟ್ ಒತ್ತಿದ ಮೇಲೆ ಪರದೆಯಲ್ಲಿ ಪ್ರೋಗ್ರಾಂ ಪುಟ ತೆರೆದಿಡಿ. ಈಗ ನಡೆಯುತ್ತಿರುವ ಸಾಲಿನ ಮೇಲೆ ಗುರುತು ಇರುತ್ತದೆ. ನೀವು ಓದಬೇಕಾದ್ದು ಅದನ್ನಲ್ಲ, ಅದರ ಮುಂದಿನ ಸಾಲನ್ನು. ಟೂಲ್ ಎಲ್ಲಿಗೆ ಹೋಗುತ್ತದೆ, ರ್‍ಯಾಪಿಡ್‌ನಲ್ಲೋ ಫೀಡ್‌ನಲ್ಲೋ (ಕಡಿಯದೆ ವೇಗವಾಗಿಯೋ, ಕಡಿಯುತ್ತ ನಿಧಾನವಾಗಿಯೋ) ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಿ, ಆಮೇಲೆ ಕಿಟಕಿಯಲ್ಲಿ ನೋಡಿ. ಊಹೆ ತಪ್ಪಿದ ಸಾಲನ್ನು ಜೇಬಿನ ಪುಸ್ತಕದಲ್ಲಿ ಗುರುತು ಮಾಡಿಕೊಳ್ಳಿ. ಸುಮ್ಮನೆ ನೋಡುತ್ತ ನಿಲ್ಲುವುದನ್ನು ನೀವು ಇಷ್ಟು ದಿನ ಮಾಡಿದ್ದೀರಿ, ಅದರಿಂದ ಪ್ರೋಗ್ರಾಂ ಬರಲಿಲ್ಲ. ಮೊದಲು ಹೇಳಿ, ಆಮೇಲೆ ನೋಡುವುದರಲ್ಲೇ ಎಲ್ಲ ವ್ಯತ್ಯಾಸ ಇದೆ.

ಒಂದು ವಾರಕ್ಕೆ ಒಂದೇ ವಿಷಯ ಇಟ್ಟುಕೊಳ್ಳಿ. ಮೊದಲ ವಾರ ರ್‍ಯಾಪಿಡ್‌ನ ಜಿ00, ಫೀಡ್‌ನ ಜಿ01 ಮಾತ್ರ. ಎರಡನೆಯ ವಾರ ಕಮಾನು ಕಡಿಯುವ ಜಿ02, ಜಿ03. ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಡ್ರಾಯಿಂಗ್‌ನ ಮಧ್ಯರೇಖೆಯ ಮೇಲಿನ ಅರ್ಧವನ್ನು ನೋಡುತ್ತ ಮುಖದ ಕಡೆಯಿಂದ ಜಾಬ್ ಹಿಡಿಯುವ ಚಕ್ ಕಡೆಗೆ ಹೋಗುವಾಗ, ಹೊರಮೂಲೆಯ ಉಬ್ಬಿದ ರೇಡಿಯಸ್ ಜಿ03, ಒಳಮೂಲೆಯ ತಗ್ಗಿದ ರೇಡಿಯಸ್ ಜಿ02. ಟರೆಟ್ (ಟೂಲ್‌ಗಳನ್ನು ಹಿಡಿಯುವ ತಲೆ) ಮುಂದಿದೆಯೋ ಹಿಂದಿದೆಯೋ ಎಂದು ತಲೆ ಕೆಡಿಸಿಕೊಳ್ಳದೆ ಮೇಲಿನ ಅರ್ಧವನ್ನಷ್ಟೇ ನೋಡಿದರೆ ಗೊಂದಲ ಇಲ್ಲ. ಲೇತ್‌ನಲ್ಲಿ ಎಕ್ಸ್ ಬೆಲೆ ವ್ಯಾಸ ಎಂಬುದನ್ನೂ ಇದೇ ವಾರ ಗಟ್ಟಿ ಮಾಡಿಕೊಳ್ಳಿ. ಎಕ್ಸ್ 2 ಮಿ.ಮೀ. ಇಳಿದರೆ ಟೂಲ್ ಸರಿಯುವುದು 1 ಮಿ.ಮೀ.

ಮೂರನೆಯ ವಾರ ಜಿ71, ಅಂದರೆ ಹೆಚ್ಚಿನ ಮಾಲನ್ನು ಪಾಸ್ ಪಾಸಾಗಿ ಕಡಿಯುವ ಸೈಕಲ್. ಫ್ಯಾನುಕ್ ಕಂಟ್ರೋಲ್‌ನಲ್ಲಿ ಇದು ಸಾಮಾನ್ಯವಾಗಿ ಎರಡು ಸಾಲು. ಮೊದಲ ಸಾಲಿನ ಯು ಒಂದು ಪಾಸ್‌ಗೆ ಎಷ್ಟು ಆಳ ಕಡಿಯಬೇಕು ಎಂಬುದು, ರೇಡಿಯಸ್ ಲೆಕ್ಕದಲ್ಲಿ. ಎರಡನೆಯ ಸಾಲಿನ ಯು ಫಿನಿಶಿಂಗ್‌ಗೆ ಬಿಡುವ ಮಾಲು, ವ್ಯಾಸದ ಲೆಕ್ಕದಲ್ಲಿ. ಅಕ್ಷರ ಒಂದೇ, ಅರ್ಥ ಎರಡು. ಯು1.5 ಎಂದು ಮೊದಲ ಸಾಲಿನಲ್ಲಿದ್ದರೆ ವ್ಯಾಸ 3 ಮಿ.ಮೀ. ಇಳಿಯುತ್ತದೆ. ಇದನ್ನು ತಿರುಗಾಮುರುಗಾ ಮಾಡಿದರೆ ಒಂದೋ ಇನ್ಸರ್ಟ್ (ಟೂಲಿನ ಕಡಿಯುವ ತುದಿ) ಮುರಿಯುತ್ತದೆ, ಇಲ್ಲ ಫಿನಿಶಿಂಗ್‌ಗೆ ಮಾಲೇ ಉಳಿಯುವುದಿಲ್ಲ.

ಇದರ ಜೊತೆಗೆ ಎರಡು ಲೆಕ್ಕ ಬಾಯಿಗೆ ಬರಬೇಕು. ಸ್ಪಿಂಡಲ್ ವೇಗ ಎಂದರೆ 1000 ಗುಣಿಸು ಕಟಿಂಗ್ ಸ್ಪೀಡ್, ಅದನ್ನು 3.14 ಮತ್ತು ವ್ಯಾಸದ ಗುಣಲಬ್ಧದಿಂದ ಭಾಗಿಸು. ಜಿ96 ಎಸ್180 (ಕಟಿಂಗ್ ಸ್ಪೀಡ್ ನಿಮಿಷಕ್ಕೆ 180 ಮೀಟರ್‌ಗೆ ಸ್ಥಿರ) ಇದ್ದಾಗ 50 ಮಿ.ಮೀ. ವ್ಯಾಸದಲ್ಲಿ ಸುಮಾರು 1,146 ಸುತ್ತು, 20 ಮಿ.ಮೀ.ಗೆ ಬಂದರೆ 2,865, 10 ಮಿ.ಮೀ.ಗೆ 5,730. ಫೇಸಿಂಗ್ ಮಾಡುತ್ತ ಮಧ್ಯಕ್ಕೆ ಹೋದಂತೆ ವೇಗ ಏರುತ್ತಲೇ ಹೋಗುತ್ತದೆ. ಅದಕ್ಕೇ ಮೇಲೆ ಎಲ್ಲೋ ಜಿ50 ಎಸ್2000 ಎಂದು ಕಡಿವಾಣ ಹಾಕಿರುತ್ತಾರೆ. ನಿಮ್ಮ ಮಷೀನಿನ ಪರದೆಯಲ್ಲೇ ಆ ಅಂಕಿ ಏರಿ 2000ಕ್ಕೆ ನಿಲ್ಲುವುದನ್ನು ನೋಡಬಹುದು. ಎರಡನೆಯದು ಮೇಲ್ಮೈ ಒರಟುತನ: ಫೀಡ್‌ನ ವರ್ಗವನ್ನು ನೋಸ್ ರೇಡಿಯಸ್‌ನ (ಇನ್ಸರ್ಟ್ ತುದಿಯ ದುಂಡಿನ) 8 ಪಟ್ಟಿನಿಂದ ಭಾಗಿಸಿ. ಫೀಡ್ 0.2, ರೇಡಿಯಸ್ 0.8 ಆದರೆ ಗೆರೆಯ ಎತ್ತರ ಲೆಕ್ಕದಲ್ಲಿ ಸುಮಾರು 6 ಮೈಕ್ರಾನ್. ಅದೇ ಫೀಡ್‌ಗೆ 0.4ರ ಇನ್ಸರ್ಟ್ ಹಾಕಿದರೆ 12.5. ಇನ್ಸರ್ಟ್ ಬದಲಿಸಿದ ಮೇಲೆ ಫಿನಿಶ್ ಕೆಟ್ಟಿತು ಎಂದು ಕ್ವಾಲಿಟಿಯವರು ಕೂಗುವಾಗ ಕಾರಣ ಇದೇ ಇರಬಹುದು.

ಮನೆಯಲ್ಲಿ ಕಂಪನಿಯ ಡ್ರಾಯಿಂಗ್ ಬಳಸಬೇಡಿ, ಪ್ರೋಗ್ರಾಂ ನಕಲು ಮಾಡಿಯೂ ತರಬೇಡಿ. ಅದು ಅವರ ಸೊತ್ತು, ನಿಮ್ಮ ಕೆಲಸಕ್ಕೇ ಕುತ್ತು. ಮೂರು ಮೆಟ್ಟಿಲಿನ ಒಂದು ಶಾಫ್ಟ್ ಅನ್ನು ನೀವೇ ಕಲ್ಪಿಸಿ, ಮಿಲಿಮೀಟರ್ ಗ್ರಾಫ್ ಹಾಳೆಯಲ್ಲಿ ಎರಡು ಪಟ್ಟು ದೊಡ್ಡದಾಗಿ ಬರೆದು ಪ್ರೋಗ್ರಾಂ ಮಾಡಿ. ಆಮೇಲೆ ಪೆನ್ಸಿಲ್ ತುದಿಯನ್ನೇ ಟೂಲ್ ಎಂದುಕೊಂಡು ಸಾಲು ಸಾಲಾಗಿ ನಡೆಸಿ. ಬ್ರೌಸರ್‌ನಲ್ಲಿ ಉಚಿತ ಟೂಲ್‌ಪಾತ್ ವ್ಯೂವರ್‌ಗಳು ಸಿಗುತ್ತವೆ, ಆದರೆ ಜಿ71ರಂಥ ಸೈಕಲ್‌ಗಳನ್ನು ಎಲ್ಲವೂ ತೋರಿಸುವುದಿಲ್ಲ. ಗ್ರಾಫ್ ಹಾಳೆಯೇ ಮೊದಲಿಗೆ ವಾಸಿ. ಮಷೀನ್ ಹೊಂದಿಸುವ ಸೆಟ್ಟರ್ ಬಳಿ 'ಕಲಿಸಿಕೊಡಿ ಅಣ್ಣಾ' ಎಂದು ಹೋಗುವುದಕ್ಕಿಂತ, ಬರೆದ ಹಾಳೆ ಹಿಡಿದು 'ಇದನ್ನು ಓಡಿಸಿದರೆ ಎಲ್ಲಿ ಗುದ್ದುತ್ತೆ?' ಎಂದು ಕೇಳಿ. ಮೊದಲನೆಯದಕ್ಕೆ ಯಾರಿಗೂ ಪುರುಸೊತ್ತಿಲ್ಲ, ಎರಡನೆಯದಕ್ಕೆ ಯಾರೂ ಸುಮ್ಮನಿರಲಾರರು. ಇಷ್ಟಾದ ಮೇಲೆ ಜಿಟಿಟಿಸಿಯಂಥ (ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರ) ಕಡೆ ಅಲ್ಪಾವಧಿ ಕೋರ್ಸ್‌ಗೆ ರಜೆ ಹಾಕಿ ಹೋದರೆ ಕೊಟ್ಟ ಹಣಕ್ಕೆ ಪೂರ್ತಿ ಫಲ ಸಿಗುತ್ತದೆ.

ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಕಾಂ. ಕಟ್ಟಿದ್ದೇನೆ. ಬೆಂಗಳೂರಿನಲ್ಲಿ ಕೆಲಸ, ಬಸ್ಸಿನಲ್ಲೇ ದಿನಕ್ಕೆ ಮೂರು ತಾಸು ಹೋಗುತ್ತದೆ. ಬಹುಪಾಲು ನಿಂತೇ ಪ್ರಯಾಣ. ಪುಸ್ತಕ ತೆರೆದರೆ ತಲೆ ಸುತ್ತುತ್ತದೆ.

ಬಸ್ಸಿನಲ್ಲಿ ಪುಸ್ತಕ ಓದುವುದನ್ನು ಬಿಟ್ಟುಬಿಡಿ. ಓದುವುದು ಭಾನುವಾರದ ಕೆಲಸ. ಬಸ್ಸಿನಲ್ಲಿ ನಡೆಯಬೇಕಾದ್ದು ನೆನಪಿಸಿಕೊಳ್ಳುವ ಕೆಲಸ, ಮತ್ತು ಉಳಿಯುವ ಕಲಿಕೆ ಅದರಿಂದಲೇ. ಮತ್ತೆ ಮತ್ತೆ ಓದಿದಾಗ 'ಗೊತ್ತಿದೆ' ಎನ್ನಿಸುತ್ತದೆ, ಪರೀಕ್ಷೆಯಲ್ಲಿ ಕೈ ಕೊಡುತ್ತದೆ. ಪುಸ್ತಕ ಮುಚ್ಚಿ ತನ್ನನ್ನೇ ಕೇಳಿಕೊಂಡಾಗ ಕಷ್ಟ ಎನ್ನಿಸುತ್ತದೆ, ಆದರೆ ವಾರಗಳ ನಂತರವೂ ನಿಲ್ಲುತ್ತದೆ. ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಮರೆವಿನ ಲೆಕ್ಕ ಇಟ್ಟು ತೋರಿಸಿದ್ದರು: ಕಲಿತದ್ದರ ದೊಡ್ಡ ಪಾಲು ಮೊದಲ ದಿನವೇ ಸೋರಿಹೋಗುತ್ತದೆ, ಆಮೇಲೆ ಸೋರುವುದು ನಿಧಾನವಾಗುತ್ತದೆ. ಹಾಗಾಗಿ ಮರುದಿನ ಒಮ್ಮೆ, ಆಮೇಲೆ ಅಂತರ ಹೆಚ್ಚಿಸುತ್ತ ಕೇಳಿಕೊಳ್ಳಬೇಕು.

ಸೀಟು ಸಿಕ್ಕ ದಿನಕ್ಕೆ ಕಾರ್ಡು. ಮನೆಯಲ್ಲಿ ರಾಶಿ ಬಿದ್ದಿರುವ ಲಗ್ನಪತ್ರಿಕೆಗಳ ಖಾಲಿ ಬದಿಯನ್ನು ಹತ್ತು ಸೆಂ.ಮೀ. ಉದ್ದ, ಏಳು ಸೆಂ.ಮೀ. ಅಗಲಕ್ಕೆ ಕತ್ತರಿಸಿ, ಬಸ್ಸಿನ ಗಾಳಿಗೆ ಬಾಗದಷ್ಟು ದಪ್ಪ ಇರುತ್ತದೆ. ಮುಂದೆ ಪ್ರಶ್ನೆ, ಹಿಂದೆ ಉತ್ತರ. ಒಂದು ಕಾರ್ಡಿಗೆ ಒಂದೇ ಉತ್ತರ. 'ಬ್ರೇಕ್ ಈವನ್ ಬಗ್ಗೆ ಬರೆಯಿರಿ' ಎಂಬುದು ಕೆಟ್ಟ ಕಾರ್ಡು. ಅರ್ಧ ಬಂದರೆ ಸರಿಯೋ ತಪ್ಪೋ ನಿಮಗೇ ತಿಳಿಯದು. 'ಸ್ಥಿರ ವೆಚ್ಚ 60,000, ಒಂದರ ಮಾರಾಟ ಬೆಲೆ 50, ಬದಲಾಗುವ ವೆಚ್ಚ 30. ಎಷ್ಟು ಮಾರಿದರೆ ಅಸಲು?' ಎಂಬುದು ಒಳ್ಳೆಯ ಕಾರ್ಡು. ಉತ್ತರ 3,000, ಬಂತು ಅಥವಾ ಬರಲಿಲ್ಲ.

ಬೂಟಿನ ಡಬ್ಬಿಯಲ್ಲಿ ಐದು ಅಂಕಣ ಮಾಡಿ. ಹೊಸ ಕಾರ್ಡು ಮೊದಲ ಅಂಕಣಕ್ಕೆ, ಅದನ್ನು ಪ್ರತಿದಿನ ನೋಡಬೇಕು. ಸರಿಯಾದರೆ ಎರಡನೆಯದಕ್ಕೆ, ಅಲ್ಲಿ ಎರಡು ದಿನಕ್ಕೊಮ್ಮೆ. ಮುಂದೆ ನಾಲ್ಕು, ಎಂಟು, ಹದಿನಾರು ದಿನ. ತಪ್ಪಿದರೆ ಯಾವ ಅಂಕಣದಲ್ಲಿದ್ದರೂ ಮೊದಲನೆಯದಕ್ಕೆ ವಾಪಸ್. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತ ಹರಡಿದ ವಿಧಾನವಿದು. ಫೋನಿನಲ್ಲೇ ಬೇಕೆಂದರೆ ಅಂಕಿ (Anki) ಎಂಬ ತಂತ್ರಾಂಶ ಇದೇ ಕೆಲಸವನ್ನು ತಾನೇ ಲೆಕ್ಕ ಇಟ್ಟು ಮಾಡುತ್ತದೆ, ಆಂಡ್ರಾಯ್ಡ್‌ನಲ್ಲಿ ಉಚಿತ. ಬೆಳಗ್ಗೆ ಅಂದಿನ ಕಾರ್ಡುಗಳನ್ನಷ್ಟೇ ರಬ್ಬರ್ ಬ್ಯಾಂಡ್ ಹಾಕಿ ಒಯ್ಯಿರಿ.

ಕೆಡುವುದು ಎಲ್ಲಿ ಎಂದರೆ ಭಾನುವಾರದ ಹುಮ್ಮಸ್ಸಿನಲ್ಲಿ. ಎಂಬತ್ತು ಕಾರ್ಡು ಒಟ್ಟಿಗೆ ಮಾಡಿ ಒಳಗೆ ತುಂಬಿದರೆ ಬುಧವಾರಕ್ಕೆ ಉಸಿರು ಕಟ್ಟುತ್ತದೆ. ಲೆಕ್ಕ ಸರಳ: ಪ್ರತಿ ಕಾರ್ಡು ಕನಿಷ್ಠ ಐದು ಬಾರಿ ವಾಪಸ್ ಬರುತ್ತದೆ, ಆದ್ದರಿಂದ ದಿನಕ್ಕೆ 10 ಹೊಸತು ಸೇರಿಸಿದರೆ ಕೆಲವೇ ವಾರಗಳಲ್ಲಿ ದಿನಕ್ಕೆ 50 ನೋಡುವುದಿರುತ್ತದೆ, ತಪ್ಪಿದವು ಸೇರಿ 60 ಎನ್ನಿ. ಒಂದಕ್ಕೆ 8 ಸೆಕೆಂಡ್ ಎಂದರೂ 8 ನಿಮಿಷ. ಇದು ಸಾಧ್ಯ. 30 ಸೇರಿಸಿದರೆ 24 ನಿಮಿಷ, ಬಿಟ್ಟ ದಿನಗಳ ಬಾಕಿ ಬೇರೆ. ನಾಲ್ಕು ದಿನ ತಪ್ಪಿಹೋದರೆ ಬಾಕಿ ಮುಗಿಯುವ ತನಕ ಹೊಸ ಕಾರ್ಡು ಬೇಡ.

ನಿಂತು ಹೋಗುವ ದಿನಕ್ಕೆ ನಿಮ್ಮದೇ ದನಿ. ಫೋನಿನ ರೆಕಾರ್ಡರ್‌ನಲ್ಲಿ ಪ್ರಶ್ನೆ ಹೇಳಿ, ಆರು ಸೆಕೆಂಡ್ ಸುಮ್ಮನಿರಿ, ಆಮೇಲೆ ಉತ್ತರ ಹೇಳಿ. ಇಪ್ಪತ್ತು ಪ್ರಶ್ನೆಗೆ ಏಳು ನಿಮಿಷದ ಕಡತ ಸಾಕು. ಆ ಆರು ಸೆಕೆಂಡ್ ಮೌನವೇ ಪಾಠ. ಅದನ್ನು ಬಿಟ್ಟರೆ ಅದು ರೇಡಿಯೊ ಆಗಿಬಿಡುತ್ತದೆ, ಕಿವಿಗೆ ಬಿದ್ದು ಹೋಗುತ್ತದೆ. ಮೂರು ವಾರಕ್ಕೊಮ್ಮೆ ಪ್ರಶ್ನೆಗಳ ಕ್ರಮ ಬದಲಿಸಿ ಮತ್ತೆ ಧ್ವನಿಮುದ್ರಿಸಿ, ಇಲ್ಲದಿದ್ದರೆ ಉತ್ತರವಲ್ಲ, ಕ್ರಮವೇ ಬಾಯಿಪಾಠವಾಗುತ್ತದೆ. ಒಂದು ಕಿವಿಗೆ ಮಾತ್ರ ಇಯರ್‌ಫೋನ್. ಇಳಿಯುವ ನಿಲ್ದಾಣವೂ ಕೇಳಬೇಕಲ್ಲ.

ಅಪಾರ್ಟ್‌ಮೆಂಟ್ ಒಂದರಲ್ಲಿ ರಾತ್ರಿ ಎಂಟರಿಂದ ಬೆಳಗ್ಗೆ ಎಂಟರವರೆಗೆ ಸೆಕ್ಯೂರಿಟಿ ಕೆಲಸ. ಸರ್ಕಾರಿ ಹುದ್ದೆಯ ಪರೀಕ್ಷೆಗೆ ಓದುತ್ತಿದ್ದೇನೆ. ರಾತ್ರಿ ಸಮಯ ಇದೆ, ಆದರೆ ಓದಿದ್ದು ಒಂದೂ ಉಳಿಯುವುದಿಲ್ಲ.

ಉಳಿಯದಿರುವುದಕ್ಕೆ ಎರಡು ಕಾರಣ, ಎರಡೂ ನಿಮ್ಮ ಬುದ್ಧಿಯ ದೋಷವಲ್ಲ. ದೇಹದ ಗಡಿಯಾರದಲ್ಲಿ ಬೆಳಗಿನ ಜಾವ ಮೂರರಿಂದ ಐದು ಅತ್ಯಂತ ತಗ್ಗಿನ ಹೊತ್ತು. ಮೈಯ ಉಷ್ಣತೆಯೂ ಎಚ್ಚರವೂ ಕೆಳಗಿರುತ್ತವೆ. ಆಗ ಹೊಸ ವಿಷಯ ಓದುವುದು ಬೀಜ ಬಿಸಾಡಿದ ಹಾಗೆ. ಇನ್ನೊಂದು, ಕಲಿತದ್ದು ಗಟ್ಟಿಯಾಗುವುದು ನಿದ್ದೆಯಲ್ಲಿ. ಮನೆಗೆ ಹೋಗಿ ನಾಲ್ಕು ಗಂಟೆ ಮಲಗಿ ಎದ್ದುಬಿಟ್ಟರೆ ರಾತ್ರಿಯ ಓದು ಅರ್ಧ ಬೆಂದಂತೆಯೇ ಉಳಿಯುತ್ತದೆ.

ಹೊಸ ಪಾಠ ಎಂಟರಿಂದ ರಾತ್ರಿ ಒಂದರೊಳಗೆ. ಅದೂ ಗೇಟಿನ ಓಡಾಟ ಕಡಿಮೆಯಾದ ಮೇಲೆ, ಹತ್ತು ನಿಮಿಷದ ತುಂಡುಗಳಲ್ಲಿ. ಒಂದರಿಂದ ಮೂರಕ್ಕೆ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ. ಮೂರರಿಂದ ಐದಕ್ಕೆ ಕೈ ಕೆಲಸ ಮಾಡುವಂಥದ್ದು ಮಾತ್ರ: ನಿಂತುಕೊಂಡು ಶೇಕಡಾ, ಸರಾಸರಿ, ಕಾಲ ಮತ್ತು ವೇಗದ ಲೆಕ್ಕ, ಕರ್ನಾಟಕದ ನಕ್ಷೆಯನ್ನು ನೋಡದೆ ಬರೆದು ಕೃಷ್ಣೆ, ತುಂಗಭದ್ರೆ, ಕಾವೇರಿಯ ಉಪನದಿಗಳನ್ನು ತುಂಬುವುದು. ಕುಳಿತರೆ ತೂಕಡಿಕೆ ಖಚಿತ.

ರೌಂಡ್ಸ್ ಅನ್ನು ಅಡ್ಡಿ ಎಂದುಕೊಳ್ಳಬೇಡಿ, ಅದೇ ನಿಮ್ಮ ಮೇಷ್ಟ್ರು. ಹೊರಡುವ ಮುನ್ನ ಒಂದು ಪ್ರಶ್ನೆ ಓದಿ, ಉದಾಹರಣೆಗೆ 'ಸಂವಿಧಾನದ 73ನೇ ತಿದ್ದುಪಡಿಯಲ್ಲಿ ಗ್ರಾಮ ಪಂಚಾಯಿತಿಗೆ ಸಂಬಂಧಿಸಿದ ಯಾವ ಅಂಶಗಳಿವೆ?' ಕಟ್ಟಡ ಸುತ್ತುವಾಗ ಉತ್ತರ ಕಟ್ಟಿಕೊಳ್ಳಿ. ವಾಪಸ್ ಬಂದು ಪುಸ್ತಕ ನೋಡದೆ ಐದು ಸಾಲು ಬರೆಯಿರಿ, ಆಮೇಲೆ ಪುಸ್ತಕ ತೆರೆದು ಕೆಂಪು ಪೆನ್ನಿನಲ್ಲಿ ಬಿಟ್ಟುಹೋದದ್ದನ್ನು ಸೇರಿಸಿ. ಗಂಟೆಗೊಂದು ರೌಂಡ್ಸ್ ಎಂದರೆ ರಾತ್ರಿಗೆ ಹನ್ನೊಂದು ಹನ್ನೆರಡು ಪ್ರಶ್ನೆ. ನಡೆಯುವಾಗ ಕಿವಿಗೆ ಏನೂ ಬೇಡ, ನಿಮಗೆ ಸಂಬಳ ಬರುತ್ತಿರುವುದು ಸದ್ದು ಕೇಳಿಸಿಕೊಳ್ಳುವುದಕ್ಕೇ.

ಗೇಟಿನ ಬಳಿ ಫೋನ್ ಪರದೆಯಲ್ಲಿ ಓದಬೇಡಿ. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಬೆಳಗುವ ಪರದೆಯನ್ನು ಒಮ್ಮೆ ನೋಡಿದರೆ ಅದು ಕೆಡುತ್ತದೆ, ಗೋಡೆಯ ಮೂಲೆಯಲ್ಲಿ ನಿಂತವರು ಕಾಣುವುದಿಲ್ಲ. ಕಾಗದ, ಮಂದ ಬೆಳಕು. ಟಾರ್ಚಿಗೆ ಕೆಂಪು ಜೆಲಟಿನ್ ಹಾಳೆ ಸುತ್ತಿದರೆ ಇನ್ನೂ ಒಳ್ಳೆಯದು, ಕೆಂಪು ಬೆಳಕು ಕತ್ತಲ ದೃಷ್ಟಿಯನ್ನು ಅಷ್ಟು ಕೆಡಿಸುವುದಿಲ್ಲ. ಆದರೆ ಅದರಲ್ಲಿ ಕೆಂಪು ಶಾಯಿ ಕಾಣದು, ತಿದ್ದುವುದನ್ನು ಕ್ಯಾಬಿನ್ನಿನಲ್ಲೇ ಮಾಡಿ.

ಕೊನೆಯ ಚಹಾ ಮೂರು ಗಂಟೆಗೆ ಮುಗಿಯಲಿ. ಕೆಫೀನಿನ ಅರ್ಧ ಪಾಲು ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಮನೆಗೆ ಹೋದ ಕೂಡಲೇ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ಮಲಗಿ, ಮಲಗುವ ಮುನ್ನ ಹತ್ತು ನಿಮಿಷ ರಾತ್ರಿಯ ಕೆಂಪು ಸಾಲುಗಳನ್ನು ಮಾತ್ರ ನೋಡಿ.

ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಕಾಲರ್ ಹೊಲಿಯುವುದು ಬಿಟ್ಟು ಬೇರೆ ಗೊತ್ತಿಲ್ಲ. ಪ್ಯಾಟರ್ನ್ (ಬಟ್ಟೆ ಕತ್ತರಿಸಲು ಬಳಸುವ ಕಾಗದದ ಅಚ್ಚು) ಮಾಡುವುದು ಕಲಿಯಬೇಕು. ಮನೆಯಲ್ಲಿ ಸಿಗುವುದು ರಾತ್ರಿ ಅರ್ಧ ಗಂಟೆ, ಜಾಗವೂ ಇಲ್ಲ.

ಹೊಲಿಯುವವರಿಗೆ ಕಲಿಯುವ ಅತಿ ಸಲೀಸಾದ ದಾರಿ ಬಿಚ್ಚುವುದು. ಹಳೆಯ ಪೂರ್ತಿ ತೋಳಿನ ಅಂಗಿಯೊಂದನ್ನು ತೆಗೆದುಕೊಳ್ಳಿ. ಬಿಚ್ಚುವ ಮೊದಲೇ ಎದೆ, ಉದ್ದ, ಭುಜ, ತೋಳು ಅಳೆದು ಬರೆದಿಡಿ. ಆಮೇಲೆ ಸೀಮ್ ರಿಪ್ಪರ್‌ನಿಂದ ಬಿಡಿಸಿ, ಯಾವುದು ಮೊದಲು ಬಿಟ್ಟುಕೊಂಡಿತು ಎಂದು ಸಂಖ್ಯೆ ಹಾಕುತ್ತ ಹೋಗಿ. ಅದನ್ನು ಹಿಂದುಮುಂದು ಮಾಡಿದರೆ ಹೊಲಿಗೆಯ ಕ್ರಮ ಸಿಗುತ್ತದೆ. ಕಾಲರ್ 2, ಕಾಲರ್ ಪಟ್ಟಿ 2, ಯೋಕ್ (ಭುಜದ ತುಂಡು) 2, ಮುಂಭಾಗ 2, ಬೆನ್ನು 1, ತೋಳು 2, ಕಫ್ 4, ತೋಳಿನ ಸೀಳಿನ ಪಟ್ಟಿ ದೊಡ್ಡದು 2, ಚಿಕ್ಕದು 2, ಜೇಬು 1. ಸಾಮಾನ್ಯವಾಗಿ ಇಪ್ಪತ್ತು ತುಂಡು. ರಾತ್ರಿಗೆ ಎರಡು ತುಂಡು ಸಾಕು.

ಬಿಡಿಸಿದ ತುಂಡುಗಳಿಗೆ ಇಸ್ತ್ರಿ ಒತ್ತುವಾಗ ಎಳೆಯಬೇಡಿ, ಪೆಟ್ಟಿಗೆಯನ್ನು ಎತ್ತಿ ಇಡಿ. ಕುತ್ತಿಗೆ, ಕಂಕುಳ ಕಡೆಯ ಓರೆ ಅಂಚುಗಳು ಮೊದಲೇ ಸಡಿಲಗೊಂಡಿರುತ್ತವೆ. ಹಾಗೆಯೇ ಗೆರೆ ಎಳೆದರೆ ಪ್ಯಾಟರ್ನ್ ಒಂದು ಸೈಜು ದೊಡ್ಡದಾಗುತ್ತದೆ. ಮೊದಲು ಬರೆದಿಟ್ಟ ಅಳತೆ ಬೇಕಾಗುವುದು ಇಲ್ಲೇ. ಪೇಪರಿನ ಮೇಲೆ ಗೆರೆ ಎಳೆದು, ಬಟ್ಟೆಯ ಉದ್ದದ ದಾರದ ದಿಕ್ಕನ್ನು ಬಾಣದಿಂದ ತೋರಿಸಿ. ಬಾಣ ಮರೆತ ಪ್ಯಾಟರ್ನ್‌ನಿಂದ ಕಟ್ ಮಾಡಿದ ಬಟ್ಟೆ ಒಗೆದ ಮೇಲೆ ತಿರುಚಿಕೊಳ್ಳುತ್ತದೆ.

ಜಾಗ ಇಲ್ಲ ಎಂದಿರಿ. ಕಾಲು ಅಳತೆಯಲ್ಲಿ ಮಾಡಿ: 100 ಸೆಂ.ಮೀ. ಎದೆ 25 ಆಗುತ್ತದೆ, ಇಡೀ ಅಂಗಿ ಒಂದು ದಿನಪತ್ರಿಕೆಯ ಹಾಳೆಯಲ್ಲಿ ಮುಗಿಯುತ್ತದೆ. ತುಂಡುಗಳನ್ನು ಟೇಪಿನಿಂದ ಅಂಟಿಸಿ ನಿಲ್ಲಿಸಿದರೆ ತಪ್ಪು ಎದ್ದು ಕಾಣುತ್ತದೆ. ಸೇರುವ ಎರಡು ಅಂಚುಗಳನ್ನು ಯಾವಾಗಲೂ ಒಂದರ ಮೇಲೊಂದು ಉರುಳಿಸಿ ಅಳೆಯಿರಿ. ಪಕ್ಕದ ಸೀಮ್ ಎರಡೂ ಸಮ ಇರಬೇಕು. ತೋಳಿನ ಮೇಲ್ಭಾಗದ ಕಮಾನು ಕಂಕುಳ ಸುತ್ತಿಗಿಂತ ಪೂರ್ಣ ಅಳತೆಯಲ್ಲಿ ಒಂದೆರಡು ಸೆಂ.ಮೀ. ಮಾತ್ರ ಹೆಚ್ಚಿರಲಿ, ಜಾಸ್ತಿಯಾದರೆ ಭುಜದಲ್ಲಿ ನೆರಿಗೆ ಬೀಳುತ್ತದೆ. ಮುಂದಿನ ಕಮಾನು ಹಿಂದಿನದಕ್ಕಿಂತ ಆಳ, ಆದ್ದರಿಂದ ಎಡಬಲ ತೋಳು ಅದಲುಬದಲಾಗದಂತೆ ನಾಚ್ ಗುರುತು (ಅಂಚಿನಲ್ಲಿ ಚಿಕ್ಕ ಕಚ್ಚು) ಬೇಕೇ ಬೇಕು.

ಸೈಜು ಬದಲಿಸುವುದು ಆಮೇಲೆ. ಎದೆ 4 ಸೆಂ.ಮೀ. ಹೆಚ್ಚಿದರೆ ಕಾಲು ಭಾಗದ ಪ್ಯಾಟರ್ನ್‌ಗೆ 1 ಸೆಂ.ಮೀ. ಎಂಬುದನ್ನಷ್ಟೇ ಈಗ ತಿಳಿದರೆ ಸಾಕು. ಬಟ್ಟೆ ಕುಗ್ಗುವುದರ ಲೆಕ್ಕವನ್ನು ಮಾತ್ರ ಈಗಲೇ ಸರಿಯಾಗಿ ಕಲಿಯಿರಿ: 5 ಶೇಕಡಾ ಕುಗ್ಗುವ ಬಟ್ಟೆಯಲ್ಲಿ 75 ಸೆಂ.ಮೀ. ಉದ್ದ ಬೇಕಿದ್ದರೆ 75ಕ್ಕೆ 5 ಶೇಕಡಾ ಕೂಡಿಸುವುದಲ್ಲ, 0.95ರಿಂದ ಭಾಗಿಸುವುದು. ಮೊದಲನೆಯದು 78.75, ಎರಡನೆಯದು 78.95. ಎರಡು ಮಿ.ಮೀ. ತಾನೇ ಎನ್ನಬಹುದು. ಹತ್ತು ಶೇಕಡಾ ಕುಗ್ಗುವ ಬಟ್ಟೆಗೆ ಅದೇ ತಪ್ಪು ಎಂಟು ಮಿ.ಮೀ. ದಾಟುತ್ತದೆ.

ಊಟದ ಬಿಡುವಿನಲ್ಲಿ ಪಕ್ಕದ ಮಷೀನಿನ ಒಂದು ಕೆಲಸವನ್ನು ಮೂರು ಅಂಕಣದಲ್ಲಿ ಬರೆಯಿರಿ: ಏನು ಮಾಡುತ್ತಾರೆ, ಎಲ್ಲಿ ಎಚ್ಚರ, ಯಾಕೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಹೊಸಬರಿಗೆ ಬೇಗ ಕಲಿಸಲು ಬಳಸಿದ ಹಾಳೆಯಲ್ಲಿ ಮೊದಲ ಎರಡು ಅಂಕಣ ಇದ್ದವು, 'ಯಾಕೆ' ಎಂಬುದು ಆಮೇಲೆ ಸೇರಿತು. ಮೂರನೆಯ ಅಂಕಣ ಖಾಲಿ ಉಳಿದರೆ ನಿಮಗೆ ಆ ಕೆಲಸ ಗೊತ್ತಿಲ್ಲ ಎಂದರ್ಥ. ಹೋಗಿ ಕೇಳಿ.

ದಾವಣಗೆರೆಯ ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ, ವಯಸ್ಸು 47. ಎಕ್ಸೆಲ್ ಕಲಿಯಲು ಹೋದಾಗಲೆಲ್ಲ ಅರ್ಧಕ್ಕೆ ನಿಲ್ಲುತ್ತದೆ.

ಕೋರ್ಸಿನ ಉದಾಹರಣೆಗಳು ನಿಮ್ಮವಲ್ಲ, ಅದಕ್ಕೇ ನಿಲ್ಲುತ್ತದೆ. ಅಂಗಡಿಯ ಗಿರಾಕಿಗಳ ಜಿಎಸ್‌ಟಿ ಸಂಖ್ಯೆಗಳಂತೆಯೇ ಕಾಣುವ ಮೂವತ್ತು ಸುಳ್ಳು ಸಂಖ್ಯೆಗಳ ಪಟ್ಟಿ ಮಾಡಿ, ನಾಲ್ಕೈದರಲ್ಲಿ ಬೇಕೆಂದೇ ತಪ್ಪು ಹಾಕಿ. ಆ ಸಂಖ್ಯೆಯಲ್ಲಿ 15 ಅಕ್ಷರ. ಮೊದಲ ಎರಡು ರಾಜ್ಯದ್ದು, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್. ಇಷ್ಟರಲ್ಲೇ ಪಾಠ ಇದೆ: ಅಕ್ಷರ ಎಣಿಸುವ ಲೆನ್ ಸೂತ್ರದಿಂದ 15 ಇಲ್ಲದವನ್ನು ಹಿಡಿಯಿರಿ, ಲೆಫ್ಟ್‌ನಿಂದ 29 ಅಲ್ಲದವನ್ನು ಬೇರ್ಪಡಿಸಿ, ಮಿಡ್‌ನಿಂದ ಮೂರನೆಯ ಅಕ್ಷರದಿಂದ ಹತ್ತು ತೆಗೆದರೆ ಪ್ಯಾನ್. ಒಟ್ಟು ಸಂಖ್ಯೆಯ ಆರನೆಯ ಅಕ್ಷರ ಪಿ ಆದರೆ ವ್ಯಕ್ತಿ, ಎಫ್ ಆದರೆ ಫರ್ಮ್, ಸಿ ಆದರೆ ಕಂಪನಿ. ಇದನ್ನು ಇಫ್ ಸೂತ್ರದಲ್ಲಿ ಬರೆಯಿರಿ. ಕಣ್ಣಿಗೆ ಸರಿ ಕಂಡರೂ ಲೆನ್ 16 ಎಂದರೆ ಕೊನೆಯಲ್ಲಿ ಒಂದು ಸ್ಪೇಸ್ ಕುಳಿತಿದೆ, ಟ್ರಿಮ್ ಹಾಕಿ.

ಆಮೇಲೆ ಸಮ್‌ಇಫ್ಸ್ (ಷರತ್ತಿಗೆ ಹೊಂದಿದ್ದನ್ನು ಕೂಡುವುದು), ವಿಲುಕಪ್ (ಪಟ್ಟಿಯಲ್ಲಿ ಹುಡುಕಿ ತರುವುದು), ಪಿವಟ್ (ಸಾರಾಂಶ ಕೋಷ್ಟಕ), ಇದೇ ಕ್ರಮದಲ್ಲಿ. ವಿಲುಕಪ್‌ನ ನಾಲ್ಕನೆಯ ಜಾಗದಲ್ಲಿ ಫಾಲ್ಸ್ ಅಥವಾ 0 ಹಾಕುವುದನ್ನು ಮರೆತರೆ ಅದು ಸರಿಸುಮಾರು ಹೊಂದುವ ಬೆಲೆಯನ್ನು ತಂದು ಹಾಕುತ್ತದೆ, ತಪ್ಪು ಎಂದು ಹೇಳುವುದೂ ಇಲ್ಲ. ದಿನಾಂಕ ಎಡಕ್ಕೆ ಅಂಟಿಕೊಂಡಿದ್ದರೆ ಎಕ್ಸೆಲ್ ಅದನ್ನು ಅಕ್ಷರ ಎಂದುಕೊಂಡಿದೆ, ಕೂಡುವುದೂ ಇಲ್ಲ, ವಿಂಗಡಿಸುವುದೂ ಇಲ್ಲ. ಡೇಟಾ ಪಟ್ಟಿಯ ಟೆಕ್ಸ್ಟ್ ಟು ಕಾಲಮ್ಸ್‌ನಲ್ಲಿ ದಿನ, ತಿಂಗಳು, ವರ್ಷ ಎಂದು ಆರಿಸಿ ಸರಿಪಡಿಸಿ.

ಒಂದು ತಿಂಗಳು ಯಾವುದಾದರೊಂದು ವರದಿಯನ್ನು ಹಳೆಯ ರೀತಿಯಲ್ಲೂ ಹೊಸ ರೀತಿಯಲ್ಲೂ ಮಾಡಿ, ಎರಡರ ಮೊತ್ತ ತಾಳೆ ನೋಡಿ. ಮಾಲೀಕರಿಗೆ ಕೊಡುವುದು ಹಳೆಯದನ್ನೇ. ತಾಳೆ ಬಾರದ ದಿನ ಹೆಚ್ಚು ಕಲಿಯುತ್ತೀರಿ. ಕನ್ನಡದಲ್ಲೇ ಕೇಳಿ ಕಲಿಯಬೇಕೆಂದರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಲಿಬ್ರೆ ಆಫೀಸ್ ಕ್ಯಾಲ್ಕ್ ಪಾಠಗಳಿವೆ, ಉಚಿತ; ಸೂತ್ರಗಳು ಬಹುಪಾಲು ಎಕ್ಸೆಲ್‌ನವೇ. ಪರದೆಯ ಅರ್ಧದಲ್ಲಿ ವಿಡಿಯೊ, ಇನ್ನರ್ಧದಲ್ಲಿ ಹಾಳೆ ಇಟ್ಟು, ನಿಲ್ಲಿಸಿ ನಿಲ್ಲಿಸಿ ಮಾಡಿ ನೋಡುವುದಕ್ಕೆಂದೇ ಅವನ್ನು ರೂಪಿಸಿದ್ದಾರೆ.

ಮಂಗಳೂರಿನಲ್ಲಿ ನರ್ಸ್. ಜರ್ಮನಿಗೆ ಹೋಗಲು ಭಾಷೆ ಕಲಿಯುತ್ತಿದ್ದೇನೆ. ಡ್ಯೂಟಿ ನಡುವೆ ಪದಗಳೇ ತಲೆಗೆ ಹತ್ತುವುದಿಲ್ಲ.

ಪದಪಟ್ಟಿ ಬಿಡಿ, ಡ್ಯೂಟಿ ಹಸ್ತಾಂತರವನ್ನೇ ಹಿಡಿಯಿರಿ. ಪ್ರತಿ ಶಿಫ್ಟಿನ ಕೊನೆಗೆ ನೀವು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: ರೋಗಿ, ದೂರು, ಬಿಪಿ, ಕೊಟ್ಟ ಔಷಧ, ಮುಂದೆ ನೋಡಬೇಕಾದ್ದು. ಕಾಲ್ಪನಿಕ ರೋಗಿಯೊಬ್ಬರ ಬಗ್ಗೆ ಇದನ್ನು ಎಂಟು ವಾಕ್ಯದ ಜರ್ಮನ್‌ನಲ್ಲಿ ಬರೆದು ಶಿಕ್ಷಕರಿಂದ ತಿದ್ದಿಸಿ, ದಿನವೂ ಅಂಕಿಗಳನ್ನು ಬದಲಿಸಿ ಜೋರಾಗಿ ಹೇಳಿ. ನಾಮಪದವನ್ನು ಒಂಟಿಯಾಗಿ ಎಂದೂ ಬರೆಯಬೇಡಿ, ಅದರ ಮುಂದೆ ಬಂದು ಲಿಂಗ ತೋರಿಸುವ ಡೆರ್, ಡಿ, ಡಾಸ್ ಸೇರಿಸಿಯೇ, ಮೂರಕ್ಕೆ ಮೂರು ಬಣ್ಣದಲ್ಲಿ. ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುವುದು ಕಷ್ಟ ಎಂದು ಇಂಗ್ಲಿಷ್ ಮೂಲಕ ಕಲಿಯುವವರು ಗೋಳಾಡುತ್ತಾರೆ. ಕನ್ನಡದಿಂದ ನೇರವಾಗಿ ಹೋದರೆ ಅದು ನಮ್ಮದೇ ಪದಕ್ರಮ. ಜರ್ಮನ್ ಭಾಷಾ ಪರೀಕ್ಷೆ ನಡೆಸುವ ಗಯಟೆ (Goethe) ಸಂಸ್ಥೆಯ ಬಿ1, ಬಿ2 ಮಟ್ಟದ ಪರೀಕ್ಷೆಗಳಲ್ಲಿ ಓದು, ಕೇಳು, ಬರೆ, ಮಾತಾಡು ಎಂಬ ನಾಲ್ಕು ಭಾಗಗಳನ್ನು ಬೇರೆ ಬೇರೆಯಾಗಿಯೂ ತೆಗೆದುಕೊಳ್ಳಬಹುದು, ಪ್ರತಿಯೊಂದರಲ್ಲೂ 100ಕ್ಕೆ 60 ಬೇಕು. ನೈಟ್ ಡ್ಯೂಟಿಯ ವಾರದಲ್ಲಿ ಕೇಳುವ ಭಾಗದ ಪರೀಕ್ಷೆ ಇಟ್ಟುಕೊಳ್ಳಬೇಡಿ.

ಎನ್‌ಪಿಟಿಇಎಲ್‌ನ (ಐಐಟಿಗಳು ನಡೆಸುವ ಆನ್‌ಲೈನ್ ಪಾಠ) ಕೋರ್ಸ್‌ಗೆ ಸೇರಿ ಮೂರನೆಯ ವಾರಕ್ಕೆ ಬಿಟ್ಟಿದ್ದೇನೆ. ಮತ್ತೆ ಸೇರಬೇಕೆ?

ಸೇರಿ, ಆದರೆ 12 ವಾರದ್ದಕ್ಕಲ್ಲ, 4 ವಾರದ್ದಕ್ಕೆ. ಕಲಿಯಲು ಶುಲ್ಕವಿಲ್ಲ; ಪ್ರಮಾಣಪತ್ರ ಬೇಕಿದ್ದರೆ ಮಾತ್ರ ಹಣ ಕಟ್ಟಿ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ವಿಡಿಯೊದಿಂದ ಶುರು ಮಾಡಬೇಡಿ. ವಾರದ ಅಸೈನ್‌ಮೆಂಟ್ ಪ್ರಶ್ನೆಗಳನ್ನು ಮೊದಲು ಓದಿ, ಗೊತ್ತಿಲ್ಲದಿದ್ದರೂ ಉತ್ತರ ಊಹಿಸಿ ಕಾಗದದಲ್ಲಿ ಬರೆದಿಡಿ, ಆಮೇಲೆ ಉತ್ತರ ಹುಡುಕುತ್ತ ವಿಡಿಯೊ ನೋಡಿ. ಒಂದು ವಾರದ್ದು ತಪ್ಪಿದರೆ ಮುಗಿಯಿತು ಎಂದುಕೊಂಡು ಬಿಡುವವರೇ ಹೆಚ್ಚು. ಅಂತಿಮ ಲೆಕ್ಕಕ್ಕೆ ಎಲ್ಲ ಅಸೈನ್‌ಮೆಂಟ್‌ಗಳಲ್ಲ, ಉತ್ತಮವಾದ ಕೆಲವನ್ನೇ ತೆಗೆದುಕೊಳ್ಳುತ್ತಾರೆ. ಎಷ್ಟು ಎಂಬುದನ್ನು ಕೋರ್ಸ್ ಪುಟದಲ್ಲಿ ಮೊದಲ ದಿನವೇ ನೋಡಿ ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆಯಿರಿ.

ಕ್ಯಾಬ್ ಓಡಿಸುತ್ತೇನೆ. ಓಡಿಸುವಾಗ ಪಾಠ ಕೇಳಬಹುದೇ?

ಬೇಡ. ಕಥೆ, ಸುದ್ದಿ ಬೇರೆ. ಪಾಠ ಕೇಳಿ ಉತ್ತರ ಯೋಚಿಸುವಾಗ ರಸ್ತೆಯ ಮೇಲಿನ ಗಮನ ಹೋಗುತ್ತದೆ. ವಿಮಾನ ನಿಲ್ದಾಣದ ಪಾರ್ಕಿಂಗ್‌ನಲ್ಲಿ ಕಾಯುವ ಹೊತ್ತು ಇದೆಯಲ್ಲ, ಕಾರ್ಡಿನ ಕಟ್ಟನ್ನು ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿಡಿ, ಕೀ ತೆಗೆದ ಮೇಲೆಯೇ ಕೈಗೆ ತೆಗೆದುಕೊಳ್ಳಿ.

ನೋಟ್ಸ್ ಕನ್ನಡದಲ್ಲಿ ಬರೆಯಲೋ, ಇಂಗ್ಲಿಷ್‌ನಲ್ಲೋ?

'ಯಾಕೆ' ಎಂಬುದನ್ನು ಕನ್ನಡದಲ್ಲಿ, ತಾಂತ್ರಿಕ ಪದಗಳನ್ನು ಪರೀಕ್ಷೆಯಲ್ಲಿ ಬರುವ ಹಾಗೆಯೇ. ಪರೀಕ್ಷೆ ಇಂಗ್ಲಿಷ್‌ನಲ್ಲಿದ್ದರೆ ಕೊನೆಯ ಮೂರು ವಾರ ಉತ್ತರಗಳನ್ನು ಇಂಗ್ಲಿಷ್‌ನಲ್ಲೇ ಬರೆದು ಅಭ್ಯಾಸ ಮಾಡಿ, ಗಡಿಯಾರ ಇಟ್ಟುಕೊಂಡು.